ತೂಕ ಇಳಿಯುತ್ತಿಲ್ಲ, ಹಾಗಂತ ಏನೂ ಆಗುತ್ತಿಲ್ಲವಾ?

ದಿನಕ್ಕೆ 300 ಕ್ಯಾಲೊರಿ ಕಮ್ಮಿ ತಿಂದರೆ ವಾರಕ್ಕೆ ಎಷ್ಟು ತೂಕ ಇಳಿಯಬೇಕು? ಲೆಕ್ಕ ಹಾಕಿ ನೋಡೋಣ. ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ದಿನಕ್ಕೆ 300 ಅಂದರೆ ವಾರಕ್ಕೆ 2100. ಭಾಗಿಸಿದರೆ ಬರುವುದು ಹೆಚ್ಚುಕಮ್ಮಿ 270 ಗ್ರಾಂ. ಒಂದು ವಾರ ಬಾಯಿ ಕಟ್ಟಿ, ಬೆಳಿಗ್ಗೆ ಬೇಗ ಎದ್ದು ನಡೆದು, ಸಂಜೆ ಬಜ್ಜಿ ಬೇಡ ಅಂದಿದ್ದಕ್ಕೆ ಸಿಕ್ಕಿದ್ದು ಕಾಲು ಕೆಜಿ ಚಿಲ್ಲರೆ.

ಈಗ ಇನ್ನೊಂದು ಅಂಕಿ. ಆರೋಗ್ಯವಾಗಿರುವ ದೊಡ್ಡವರ ತೂಕ ಒಂದು ದಿನದಿಂದ ಇನ್ನೊಂದು ದಿನಕ್ಕೆ ಒಂದು ಕೆಜಿ, ಕೆಲವೊಮ್ಮೆ ಎರಡು ಕೆಜಿವರೆಗೂ ಏರಿಳಿಯುವುದು ಮಾಮೂಲಿ. ಅಂದರೆ ನೀವು ಹುಡುಕುತ್ತಿರುವುದು 270 ಗ್ರಾಂ, ಅದರ ಸುತ್ತ ನಡೆಯುತ್ತಿರುವ ಗಲಾಟೆ ಸಾವಿರ, ಎರಡು ಸಾವಿರ ಗ್ರಾಂನದು. ಮೊದಲ ಮೂರ್ನಾಲ್ಕು ವಾರ ತೂಕದ ಮಷೀನಿನ ಮೇಲೆ ಏನೂ ಕಾಣದಿರುವುದು ಆಶ್ಚರ್ಯವಲ್ಲ. ಕಂಡಿದ್ದರೇ ಅನುಮಾನಪಡಬೇಕಿತ್ತು.

ಈ ಗಲಾಟೆ ಮಾಡುವುದು ಮುಖ್ಯವಾಗಿ ನೀರು. ಮದುವೆ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ ಚೆನ್ನಾಗಿ ಇಳಿದಿದ್ದರೆ, ಆ ಉಪ್ಪಿಗೆ ತಕ್ಕಷ್ಟು ನೀರನ್ನು ದೇಹ ಒಂದೆರಡು ದಿನ ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆಯಲ್ಲಿ ಇನ್ನೂ ಕರಗದ ಊಟಕ್ಕೂ ತೂಕವಿದೆ. ಹೆಂಗಸರಿಗೆ ಮುಟ್ಟಿನ ದಿನ ಹತ್ತಿರ ಬಂದಾಗ ಮೈ ನೀರು ಹಿಡಿಯುವುದು ಗೊತ್ತಿರುವ ವಿಷಯವೇ. ಹಾಗಾಗಿ ಈ ವಾರವನ್ನು ಹೋದ ವಾರಕ್ಕೆ ಹೋಲಿಸುವುದಕ್ಕಿಂತ, ಹೋದ ತಿಂಗಳ ಇದೇ ವಾರಕ್ಕೆ ಹೋಲಿಸುವುದು ನ್ಯಾಯ. ಹೊಸದಾಗಿ ಜಿಮ್ಮಿಗೆ ಸೇರಿ ಮೈಕೈ ನೋವು ಬಂದಿದ್ದರೆ, ಆ ನೋವಿನ ಜಾಗದಲ್ಲೂ ಸ್ವಲ್ಪ ನೀರು ತುಂಬಿಕೊಂಡಿರುತ್ತದೆ.

ಇದರಲ್ಲಿ ನಮ್ಮ ಕಡೆಯವರು ಖಂಡಿತ ತಿಳಿದಿರಬೇಕಾದದ್ದು ಅನ್ನದ ಲೆಕ್ಕ. ಅನ್ನ, ಮುದ್ದೆ, ಚಪಾತಿಯಿಂದ ಬಂದ ಸಕ್ಕರೆಯನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಡುತ್ತದೆ. ಒಟ್ಟು ಅರ್ಧ ಕೆಜಿ ಆಸುಪಾಸು. ಆದರೆ ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಂಡಿರುತ್ತದೆ. ‘ಅನ್ನ ಬಿಟ್ಟೆ, ಮೊದಲ ವಾರದಲ್ಲೇ ಎರಡು ಕೆಜಿ ಇಳಿದೆ’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಇಳಿದದ್ದರಲ್ಲಿ ಬಹುಪಾಲು ಗ್ಲೈಕೋಜನ್ನೂ ಅದರ ನೀರೂ. ಆಮೇಲೆ ಒಂದು ಗೃಹಪ್ರವೇಶದ ಊಟಕ್ಕೆ ಹೋಗಿ ಬಂದರೆ ಅದರಲ್ಲಿ ಮುಕ್ಕಾಲು ವಾಪಸ್ ಬರುತ್ತದೆ. ಆಗ ‘ಒಂದೇ ಊಟಕ್ಕೆ ಇಷ್ಟಾ?’ ಅಂತ ಗಾಬರಿ. ಒಂದು ಊಟದಿಂದ ಒಂದೂವರೆ ಕೆಜಿ ಕೊಬ್ಬು ಬೆಳೆಯಬೇಕಾದರೆ ಮಾಮೂಲಿ ಊಟದ ಮೇಲೆ ಸುಮಾರು ಹನ್ನೊಂದೂವರೆ ಸಾವಿರ ಕ್ಯಾಲೊರಿ ತಿನ್ನಬೇಕು. ಎಷ್ಟು ಹೋಳಿಗೆ ಹೊಡೆದರೂ ಅದು ಆಗುವ ಮಾತಲ್ಲ.

ಹಾಗಾದರೆ ಮಷೀನನ್ನು ಅಟ್ಟದ ಮೇಲೆ ಹಾಕಬೇಕಾ? ಬೇಡ. ಅದನ್ನು ಓದುವ ರೀತಿ ಬದಲಿಸಿದರೆ ಸಾಕು. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಲವತ್ತೈದರ ಒಬ್ಬ ಮೇಷ್ಟ್ರು ದಿನಾ ಬೆಳಿಗ್ಗೆ ಶೌಚ ಮುಗಿಸಿ, ಕಾಫಿ ಕುಡಿಯುವ ಮೊದಲು, ಒಂದೇ ತೆಳು ಪಂಚೆಯಲ್ಲಿ ತೂಕ ನೋಡಿಕೊಳ್ಳುತ್ತಾರೆ ಅಂದುಕೊಳ್ಳಿ. ಮೊದಲ ವಾರ ಸೋಮವಾರದಿಂದ ಭಾನುವಾರದವರೆಗೆ: 72.0, 71.6, 71.9, 72.4, 71.8, 71.5, 72.8. ನಾಲ್ಕನೇ ವಾರ: 71.6, 71.2, 70.9, 71.0, 71.5, 70.8, 72.1. ಇವರು ಮೊದಲ ವಾರದ ಶನಿವಾರವನ್ನೂ ನಾಲ್ಕನೇ ವಾರದ ಭಾನುವಾರವನ್ನೂ ಮಾತ್ರ ನೆನಪಿಟ್ಟುಕೊಂಡಿದ್ದರೆ 600 ಗ್ರಾಂ ಏರಿದೆ ಅಂತ ತಲೆ ಮೇಲೆ ಕೈ ಹೊತ್ತುಕೊಂಡು ಕೂರುತ್ತಾರೆ. ವಾರದ ಸರಾಸರಿ ತೆಗೆದರೆ? ಮೊದಲ ವಾರ 72.0, ನಾಲ್ಕನೇ ವಾರ 71.3. ಮೂರು ವಾರದಲ್ಲಿ 700 ಗ್ರಾಂ ಇಳಿದಿದೆ. ನಮ್ಮ 270 ಗ್ರಾಂನ ಲೆಕ್ಕಕ್ಕೆ ಹತ್ತಿರವೇ ಇದೆ. ತೂಕ ನಿಜಕ್ಕೂ ನಿಂತಿರಲಿಲ್ಲ, ನಿಂತ ಹಾಗೆ ಕಂಡಿತ್ತು, ಅಷ್ಟೆ.

ಸರಾಸರಿಯೂ ಅಲ್ಲೇ ನಿಂತಿದ್ದರೆ? ಆಗ ಕೇಳಬೇಕಾದದ್ದು ಬೇರೆ ಪ್ರಶ್ನೆ. ಮಷೀನು ಒಟ್ಟು ತೂಕ ಹೇಳುತ್ತದೆ, ಅದರೊಳಗೆ ಕೊಬ್ಬೆಷ್ಟು, ಸ್ನಾಯು ಎಷ್ಟು ಅಂತ ಹೇಳುವುದಿಲ್ಲ. ಒಂದು ಕಡಿಮೆಯಾಗಿ ಇನ್ನೊಂದು ಅಷ್ಟೇ ಜಾಸ್ತಿಯಾದರೆ ಅಂಕಿ ಅಲ್ಲೇ ಇರುತ್ತದೆ.

ಒಟ್ಟು ತೂಕ ಎಷ್ಟು ಮೋಸ ಮಾಡಬಲ್ಲದು ಅನ್ನುವುದಕ್ಕೆ ಇಬ್ಬರು ವೈದ್ಯರೇ ಸಾಕ್ಷಿ. 2004ರಲ್ಲಿ ‘ದ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ತಮ್ಮದೇ ಫೋಟೊ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ದೇಹದಲ್ಲಿದ್ದ ಕೊಬ್ಬಿನ ಪಾಲು ಯುಡ್ಕಿನ್ ಅವರಿಗೆ 9.1%, ಯಾಜ್ಞಿಕ್ ಅವರಿಗೆ 21.2%. ಎರಡು ಪಟ್ಟಿಗೂ ಜಾಸ್ತಿ! ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನುವ ಮೈಕಟ್ಟು ನಮ್ಮಲ್ಲಿ ಎಷ್ಟು ಸಾಮಾನ್ಯ ಅಂತ ಯಾವುದೇ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ತಿಳಿಯುತ್ತದೆ. ಇಂಥವರಿಗೆ ತೂಕದ ಅಂಕಿ ಮೊದಲಿನಿಂದಲೂ ‘ಸರಿಯಾಗಿದೆ’ ಅಂತಲೇ ಹೇಳುತ್ತಿರುತ್ತದೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಒಂದು ಕೆಜಿ ಕೊಬ್ಬು ದೊಡ್ಡ ಹಳದಿ ಮುದ್ದೆ, ಒಂದು ಕೆಜಿ ಸ್ನಾಯು ಪುಟ್ಟ ಕೆಂಪು ತುಂಡು ಅಂತ ತೋರಿಸುವ ಚಿತ್ರ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅದು ಉತ್ಪ್ರೇಕ್ಷೆ. ಒಂದು ಕೆಜಿ ಕೊಬ್ಬು ಹಿಡಿಯುವ ಜಾಗ ಸುಮಾರು 1.1 ಲೀಟರ್, ಸ್ನಾಯು ಸುಮಾರು 0.94 ಲೀಟರ್. ವ್ಯತ್ಯಾಸ ಇದೆ, ಆದರೆ ಆರನೇ ಒಂದು ಭಾಗದಷ್ಟು ಮಾತ್ರ. ‘ಕೊಬ್ಬು ಕರಗಿ ಸ್ನಾಯು ಆಗುತ್ತದೆ’ ಅನ್ನುವುದೂ ತಪ್ಪು. ಎರಡೂ ಬೇರೆ ಬೇರೆ ವಸ್ತು, ಒಂದು ಇನ್ನೊಂದಾಗುವುದಿಲ್ಲ. ಜೊತೆಗೆ ಸ್ನಾಯು ಬೆಳೆಯುವುದು ತುಂಬಾ ನಿಧಾನ. ಹೊಸದಾಗಿ ಶುರು ಮಾಡಿದವರಿಗೂ ತಿಂಗಳಿಗೆ ಒಂದು ಕೆಜಿ ಬಂದರೆ ಅದೇ ದೊಡ್ಡದು. ಹಾಗಾಗಿ ‘ಮೂರು ಕೆಜಿ ಕೊಬ್ಬು ಹೋಗಿ ಮೂರು ಕೆಜಿ ಸ್ನಾಯು ಬಂದಿದೆ ಸರ್, ಅದಕ್ಕೇ ತೂಕ ಅಷ್ಟೇ ಇದೆ’ ಅಂತ ಟ್ರೈನರ್ ಒಂದೇ ತಿಂಗಳಿಗೆ ಸಮಾಧಾನ ಹೇಳಿದರೆ ನಂಬಬೇಡಿ. ಪಾಪ, ಫೀಸು ಕಟ್ಟಿದವರು ಬಿಟ್ಟು ಹೋಗಬಾರದಲ್ಲ!

ಸರಿ, ಏನನ್ನು ನಂಬುವುದು? ನನ್ನನ್ನು ಕೇಳಿದರೆ ಮೊದಲ ಜಾಗ ದರ್ಜಿಯ ಟೇಪಿಗೆ.

ನಮ್ಮ ಹಿರಿಯರಿಗೆ ಟೇಪು ಬೇಕಿರಲಿಲ್ಲ, ಸೊಂಟದಲ್ಲಿ ಉಡುದಾರ ಇತ್ತು. ಅದು ಬಿಗಿಯಾದರೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ರವಿಕೆ ಹೊಲಿಯುವವರು ಒಳಗೆ ಒಂದೆರಡು ಹೊಲಿಗೆ ಜಾಸ್ತಿ ಹಾಕಿಡುವುದೂ ಇದಕ್ಕೇ. ಬಿಗಿಯಾದಾಗ ಒಂದೊಂದೇ ಹೊಲಿಗೆ ಬಿಚ್ಚುತ್ತಾ ಹೋಗಬಹುದು. ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕಿಸಬೇಕಾಗಿ ಬಂದರೆ ಅದಕ್ಕಿಂತ ಒಳ್ಳೆ ಸುದ್ದಿ ಬೇಡ. ಎಲಾಸ್ಟಿಕ್ ಪ್ಯಾಂಟು ಮಾತ್ರ ನಿಮಗೆ ಏನನ್ನೂ ಹೇಳುವುದಿಲ್ಲ.

ಟೇಪಿನಲ್ಲಿ ಅಳೆಯುವುದು ಸುಲಭ ಅನ್ನಿಸುತ್ತದೆ, ಆದರೆ ಬಹಳ ಜನ ಪ್ಯಾಂಟು ಕಟ್ಟುವ ಜಾಗದಲ್ಲಿ ಅಳೆಯುತ್ತಾರೆ. ಅದು ಹೊಟ್ಟೆಯ ಕೆಳಗೆ. ಸರಿಯಾದ ಜಾಗ ಹುಡುಕಲು ಪಕ್ಕಕ್ಕೆ ಕೈ ಇಡಿ. ಕೊನೆಯ ಪಕ್ಕೆಲುಬು ಸಿಗುತ್ತದೆ. ಅಲ್ಲಿಂದ ಕೆಳಗೆ ಇಳಿದರೆ ಸೊಂಟದ ಮೂಳೆಯ ಮೇಲ್ತುದಿ ಸಿಗುತ್ತದೆ. ಇವೆರಡರ ನಡುಮಧ್ಯದಲ್ಲಿ ಟೇಪು ಸುತ್ತಬೇಕು. ಹಿಂದೆ ಬೆನ್ನಿನಲ್ಲಿ ಅದು ಜಾರಿಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ಟೇಪು ಮೈಗೆ ತಾಗಬೇಕು, ಒತ್ತಬಾರದು. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಮೋಸ ಹೋಗುವವರು ನೀವೇ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿ ಓದಿ. ಎರಡು ಸಲ ಅಳೆಯಿರಿ, ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಇನ್ನೊಂದು ಸಲ. ಹದಿನೈದು ದಿನಕ್ಕೊಮ್ಮೆ ಸಾಕು. ಬಟ್ಟೆಯ ಹಳೇ ಟೇಪು ಎಳೆದು ಎಳೆದು ಉದ್ದವಾಗಿರುತ್ತದೆ, ಮಕ್ಕಳ ಸ್ಕೇಲಿನ ಪಕ್ಕ ಒಮ್ಮೆ ಇಟ್ಟು ನೋಡಿ.

ಎಷ್ಟಿದ್ದರೆ ಸರಿ? ಭಾರತೀಯರಿಗೆ ಬಳಸುವ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇದಕ್ಕಿಂತ ಸುಲಭದ್ದು ಇನ್ನೊಂದಿದೆ: ಹೊಟ್ಟೆಯ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯಲ್ಲೂ 2022ರಿಂದ ಈ ಸಲಹೆ ಇದೆ. ಟೇಪೂ ಬೇಡ. ನಿಮ್ಮಷ್ಟೇ ಉದ್ದದ ಒಂದು ದಾರ ತೆಗೆದುಕೊಂಡು ಅರ್ಧಕ್ಕೆ ಮಡಚಿ. ಅದು ಹೊಟ್ಟೆಯನ್ನು ಸುತ್ತಿ ಬಂದು ತುದಿಗೆ ತುದಿ ಸೇರುತ್ತದಾ?

ಟೇಪಿಗೆ ಇಷ್ಟು ಬೆಲೆ ಕೊಡಲು ಕಾರಣವಿದೆ. ಹೊಟ್ಟೆಯೊಳಗೆ ಕರುಳು, ಯಕೃತ್ತಿನ ಸುತ್ತ ಕೂರುವ ಕೊಬ್ಬೇ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಜೊತೆ ಜಾಸ್ತಿ ತಳುಕು ಹಾಕಿಕೊಂಡಿರುವುದು. ಚೆನ್ನಾಗಿ ವ್ಯಾಯಾಮ ಮಾಡಿದರೆ ಈ ಕೊಬ್ಬು ತೂಕ ಇಳಿಯದೆಯೂ ಕಡಿಮೆಯಾಗಬಹುದು ಅಂತ ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನಗಳು ತೋರಿಸಿವೆ. ಮಷೀನಿಗೆ ಕಾಣದ್ದು ಟೇಪಿಗೆ ಕಾಣುವುದು ಇಲ್ಲಿಯೇ.

ಎರಡನೆಯದು ಬಲ. ಗರಡಿ ಮನೆಯಲ್ಲಿ ಹುಡುಗ ಬೆಳೆಯುತ್ತಿದ್ದಾನಾ ಅಂತ ನೋಡಲು ಉಸ್ತಾದರು ಎಷ್ಟು ದಂಡ, ಎಷ್ಟು ಬಸ್ಕಿ ಅಂತ ಕೇಳುತ್ತಿದ್ದರು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ ಇವತ್ತಿಗೂ ನಡೆಯುತ್ತದೆ. ಅಲ್ಲಿ ಎತ್ತುವವನ ತೂಕ ಎಷ್ಟು ಅಂತ ಯಾರು ಕೇಳುತ್ತಾರೆ? ಕಲ್ಲು ಎದೆಗೇರಿತಾ, ಹೆಗಲು ದಾಟಿತಾ, ಅಷ್ಟೇ.

ನೀವೂ ಹಾಗೇ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಒಂದೇ ಸಲಕ್ಕೆ ಎಷ್ಟು ಬಸ್ಕಿ, ಎಷ್ಟು ಪುಷ್‌ಅಪ್, ಯಾವ ಡಂಬೆಲ್ ಎಷ್ಟು ಸಲ. ಹೋದ ತಿಂಗಳು 8 ಕೆಜಿ ಡಂಬೆಲ್ ಎಂಟು ಸಲಕ್ಕೆ ಸುಸ್ತು, ಈ ತಿಂಗಳು ಹನ್ನೆರಡು ಸಲ ಅಂದರೆ ಅದು ಪ್ರಗತಿ. ಮೊದಲ ಕೆಲವು ವಾರ ಬಲ ಬೇಗ ಬೇಗ ಏರುತ್ತದೆ. ಅಷ್ಟರಲ್ಲಿ ಸ್ನಾಯು ಅಷ್ಟೊಂದು ಬೆಳೆದಿರುವುದಿಲ್ಲ. ಇರುವ ಸ್ನಾಯುಗಳನ್ನೇ ಒಟ್ಟಿಗೆ, ಸರಿಯಾಗಿ ದುಡಿಸುವುದನ್ನು ನರಮಂಡಲ ಕಲಿಯುತ್ತಿರುತ್ತದೆ. ಜಿಮ್ಮಿಗೆ ಹೋಗದವರಿಗೆ ಮನೆಯಲ್ಲೇ ಪರೀಕ್ಷೆಗಳಿವೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಬಾಗಿಲಿನಿಂದ ಅಡುಗೆಮನೆಗೆ ಎಲ್ಲೂ ಇಳಿಸದೆ ಒಯ್ಯುತ್ತೀರಾ? ಪಂಕ್ತಿ ಊಟಕ್ಕೆ ನೆಲದ ಮೇಲೆ ಕೂತವರು ಎದ್ದೇಳುವಾಗ ಪಕ್ಕದವರ ಹೆಗಲು ಹಿಡಿಯಬೇಕಾ?

ಅಪ್ಪ ಅಮ್ಮಂದಿರಿಗೆ ಕುರ್ಚಿ ಪರೀಕ್ಷೆ ಒಳ್ಳೆಯದು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟು, ಎದೆಯ ಮೇಲೆ ಕೈ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಅಂತ ಎಣಿಸುವುದು. ಅಮೆರಿಕದಲ್ಲಿ ಬಳಸುವ ಪಟ್ಟಿಯ ಪ್ರಕಾರ 60ರಿಂದ 64 ವರ್ಷದ ಗಂಡಸರಿಗೆ 14ಕ್ಕಿಂತ ಕಡಿಮೆ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಬಲವನ್ನು ತೋರಿಕೆಯ ವಿಷಯ ಅಂದುಕೊಂಡವರಿಗೆ ಒಂದು ಮಾಹಿತಿ: ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1.4 ಲಕ್ಷ ಜನರ ಕೈ ಹಿಡಿತ ಅಳೆದು ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಬಂತು. ಹಿಡಿತದ ಬಲ 5 ಕೆಜಿ ಕಡಿಮೆ ಇದ್ದಂತೆಲ್ಲ ಸಾವಿನ ಸಂಭವ 16% ಜಾಸ್ತಿ ಕಂಡಿತು. ಕೈ ಹಿಚುಕುವ ಸ್ಪ್ರಿಂಗ್ ತಂದು ಒತ್ತುತ್ತಾ ಕೂತರೆ ಆಯಸ್ಸು ಬೆಳೆಯುತ್ತದೆ ಅಂತ ಇದರ ಅರ್ಥವಲ್ಲ. ಒಟ್ಟು ಮೈಯ ಬಲಕ್ಕೆ ಹಿಡಿತ ಒಂದು ಗುರುತು, ಅಷ್ಟೆ.

ಮೂರನೆಯದು ಉಸಿರು, ನಾಡಿ. ಬೆಳಿಗ್ಗೆ ಎಚ್ಚರವಾದ ಮೇಲೆ, ಹಾಸಿಗೆಯಲ್ಲೇ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಒಂದು ಪೂರ್ತಿ ನಿಮಿಷ ಎಣಿಸಿ. 60ರಿಂದ 100 ಮಾಮೂಲಿ. ಕೆಲವು ತಿಂಗಳು ನಿಯಮಿತವಾಗಿ ಓಡಿದರೆ, ಬಿರುಸಾಗಿ ನಡೆದರೆ ಇದು ನಿಧಾನಕ್ಕೆ ಕೆಳಗೆ ಬರುತ್ತದೆ. ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳಲು ಕಲಿತರೆ ಅಷ್ಟು ಸಲ ಬಡಿಯಬೇಕಾಗುವುದಿಲ್ಲ. ಜ್ವರ, ನಿದ್ದೆಗೇಡು, ಹಿಂದಿನ ರಾತ್ರಿಯ ಪಾರ್ಟಿ ಇವೆಲ್ಲ ಅಂಕಿಯನ್ನು ಏರಿಸುತ್ತವೆ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿಯನ್ನು ಮಾತ್ರೆಯೇ ಇಳಿಸಿರುತ್ತದೆ, ಅವರಿಗೆ ಈ ಲೆಕ್ಕ ಬೇಡ.

ಇದಕ್ಕಿಂತಲೂ ಚೆನ್ನಾಗಿ ತಿಳಿಯುವುದು ಒಂದೇ ದಾರಿಯನ್ನು ಮತ್ತೆ ಮತ್ತೆ ನಡೆದಾಗ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ, ಬೇರೆಯವರಿಗೆ ಆಫೀಸಿನ ನಾಲ್ಕು ಮಹಡಿ ಸಾಕು. ಮೊದಲ ಸಲ ನಂದಿ ತಲುಪುವಷ್ಟರಲ್ಲಿ ಎಷ್ಟು ಕಡೆ ನಿಂತಿರಿ? ಪಕ್ಕದವರ ಜೊತೆ ಮಾತಾಡಿಕೊಂಡು ಹತ್ತಲು ಆಯಿತಾ, ಅಥವಾ ‘ಹ್ಞೂ, ಹ್ಞೂ’ ಅನ್ನುವುದಕ್ಕೆ ಮಾತ್ರ ಉಸಿರಿತ್ತಾ? ಎರಡು ತಿಂಗಳು ಬಿಟ್ಟು ಅದೇ ಮೆಟ್ಟಿಲಲ್ಲಿ ಇವನ್ನೇ ಗಮನಿಸಿ. ಹತ್ತಿ ನಿಂತ ಕೂಡಲೇ ನಾಡಿ ನೋಡಿ, ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಬೇಗ ಬೇಗ ಇಳಿಯುತ್ತಿದ್ದರೆ ಹೃದಯ ಚೆನ್ನಾಗಿ ಹೊಂದಿಕೊಳ್ಳುತ್ತಿದೆ. ಎದೆ ನೋವು, ತಲೆಸುತ್ತು ಬಂದರೆ ಮಾತ್ರ ಪರೀಕ್ಷೆ ಅಲ್ಲಿಗೇ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಕೊಬ್ಬಿನ ಶೇಕಡಾವಾರು ತೋರಿಸುವ ಸ್ಮಾರ್ಟ್ ಮಷೀನುಗಳ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಅವು ಒಂದು ಪಾದದಿಂದ ಇನ್ನೊಂದಕ್ಕೆ ತೀರಾ ಸಣ್ಣ ಕರೆಂಟು ಹರಿಸುತ್ತವೆ. ನೀರು ಜಾಸ್ತಿ ಇರುವ ಸ್ನಾಯುವಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಆ ತಡೆಯಿಂದ ಉಳಿದದ್ದನ್ನು ಸೂತ್ರ ಹಾಕಿ ಊಹಿಸುತ್ತವೆ. ನೀರು ಕುಡಿದರೂ, ಬೆವರಿದರೂ, ಕಾಲು ಒದ್ದೆ ಇದ್ದರೂ ಉತ್ತರ ಬದಲಾಗುತ್ತದೆ. ಹಳೇ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರ ಚೀಟಿಯಲ್ಲಿ ತೂಕದ ಜೊತೆ ಭವಿಷ್ಯವನ್ನೂ ಕೊಡುತ್ತಿತ್ತು, ನೆನಪಿದೆಯಾ? ‘ನಿಮ್ಮ ದೇಹದ ವಯಸ್ಸು 52’ ಅನ್ನುವ ಸಾಲನ್ನು ನಾನು ಅದೇ ಸಾಲಿಗೆ ಸೇರಿಸುತ್ತೇನೆ. ಬಳಸಲೇಬೇಕು ಅಂದರೆ ದಿನಾ ಅದೇ ಹೊತ್ತಿಗೆ ನೋಡಿ, ತಿಂಗಳುಗಳ ಓಟ ಗಮನಿಸಿ, ಒಂದು ದಿನದ ಅಂಕಿಯನ್ನು ಮರೆತುಬಿಡಿ. ಕೈಗಡಿಯಾರಗಳು ನಾಡಿಯನ್ನು ಸಾಕಷ್ಟು ಸರಿಯಾಗಿ ಹೇಳುತ್ತವೆ, ಕ್ಯಾಲೊರಿಯನ್ನಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಖರ್ಚಾದ ಕ್ಯಾಲೊರಿಯನ್ನು ಸರಾಸರಿ 27% ತಪ್ಪು ಹೇಳಿತ್ತು. ಗಡಿಯಾರ 400 ಅಂದಿತು ಅಂತ 400 ಕ್ಯಾಲೊರಿಯ ಮಸಾಲೆ ದೋಸೆ ತಿಂದರೆ ಲೆಕ್ಕ ತಪ್ಪುವುದು ಹೀಗೆ.

ರಕ್ತದ ವರದಿಗಳಲ್ಲೂ ಬದಲಾವಣೆ ಕಾಣುತ್ತದೆ, ಆದರೆ ಅವಸರ ಬೇಡ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ, ಯಾಕೆಂದರೆ ಅದು ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿಕೊಂಡ ಸಕ್ಕರೆಯನ್ನು, ಆ ಕಣದ ಆಯಸ್ಸು ಸುಮಾರು 120 ದಿನ. ಮೂರು ವಾರಕ್ಕೆ ಮತ್ತೆ ಮಾಡಿಸಿದರೆ ದುಡ್ಡು ದಂಡ.

ಈಗ ಕಹಿ ಮಾತು. ಎಂಟು ವಾರವಾಯಿತು. ವಾರದ ಸರಾಸರಿ ತೂಕ ಅಲ್ಲೇ ಇದೆ. ಟೇಪೂ ಅಲ್ಲೇ. ಡಂಬೆಲ್ಲೂ ಅದೇ, ಮೆಟ್ಟಿಲಲ್ಲಿ ಏದುಸಿರೂ ಅದೇ. ಆಗ ‘ಒಳಗೊಳಗೇ ಏನೋ ಆಗುತ್ತಿದೆ’ ಅಂದುಕೊಳ್ಳುವುದರಲ್ಲಿ ಅರ್ಥವಿಲ್ಲ. ಏನೂ ಆಗುತ್ತಿಲ್ಲ. ಕೊಬ್ಬು ಇಳಿದು ಸ್ನಾಯು ಒಟ್ಟಿಗೇ ಬೆಳೆಯುವ ಭಾಗ್ಯ ಸುಲಭವಾಗಿ ಸಿಗುವುದು ಹೊಸಬರಿಗೆ, ಬಹಳ ದಿನ ಬಿಟ್ಟು ಮತ್ತೆ ಶುರು ಮಾಡಿದವರಿಗೆ, ಕೊಬ್ಬು ಜಾಸ್ತಿ ಇರುವವರಿಗೆ. ಅವರಿಗೂ ಟೇಪಿನಲ್ಲಿ ಅದು ಕಂಡೇ ಕಾಣುತ್ತದೆ.

ಹುಡುಕಬೇಕಾದ ಜಾಗ ಹೆಚ್ಚಿನ ಸಲ ಅಡುಗೆಮನೆ. ನಾವು ಲೆಕ್ಕ ಹಾಕಿದ 300 ಕ್ಯಾಲೊರಿ ಅಂದರೆ ಎರಡೂವರೆ ದೊಡ್ಡ ಚಮಚ ಎಣ್ಣೆ. ಅಥವಾ 50 ಗ್ರಾಂ ಚಿಲ್ಲರೆ ಶೇಂಗಾ. ಒಗ್ಗರಣೆಯಲ್ಲಿ, ಚಟ್ನಿಪುಡಿಗೆ ಕಲಸುವುದರಲ್ಲಿ, ಟಿವಿ ನೋಡುತ್ತಾ ಕೈ ಹಾಕುವ ಡಬ್ಬಿಯಲ್ಲಿ ಅಷ್ಟು ಸುಮ್ನೆ ಹೋಗಿಬಿಡುತ್ತದೆ. ಒಂದು ವಾರ ಎಣ್ಣೆಯನ್ನು ಕ್ಯಾನಿನಿಂದ ನೇರವಾಗಿ ಸುರಿಯದೆ ಚಮಚದಲ್ಲಿ ಹಾಕಿ ನೋಡಿ. ಇನ್ನೊಂದು ಜಾಗ ವ್ಯಾಯಾಮವೇ. ಎರಡು ತಿಂಗಳಿಂದ ಅದೇ ಪಾರ್ಕು, ಅದೇ ಐದು ಸುತ್ತು, ಅದೇ ವೇಗ ಅಂದರೆ ಮೈಗೆ ಅದು ಅಭ್ಯಾಸವಾಗಿರುತ್ತದೆ. ಒಂದು ಸುತ್ತನ್ನಾದರೂ ಬಿರುಸಾಗಿ ನಡೆಯಬೇಕು, ಇಲ್ಲವೇ ಭಾರ ಎತ್ತುವುದನ್ನು ಸೇರಿಸಬೇಕು. ಥೈರಾಯ್ಡ್ ಅನುಮಾನ ಇದ್ದರೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಊಹೆಯ ಮೇಲೆ ಅದನ್ನು ದೂರುವುದು ಬೇಡ.

ಮಷೀನಿನ ಮಾತನ್ನು ತಕ್ಷಣ ಕೇಳಲೇಬೇಕಾದ ಸಂದರ್ಭಗಳೂ ಇವೆ. ಹೃದಯ ದುರ್ಬಲ ಅಂತ ಚಿಕಿತ್ಸೆಯಲ್ಲಿರುವವರ ತೂಕ ಎರಡು ಮೂರು ದಿನದಲ್ಲೇ ಎರಡು ಕೆಜಿ ಏರಿ, ಕಾಲು ಊದಿಕೊಂಡರೆ ಅದು ಮೈಯಲ್ಲಿ ತುಂಬುತ್ತಿರುವ ನೀರಿನ ಸೂಚನೆ. ವಾರದ ಸರಾಸರಿಗೆ ಕಾಯದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಬೇಕು. ಏನೂ ಪ್ರಯತ್ನ ಮಾಡದೆ, ಮಾಮೂಲಿನಂತೆ ತಿನ್ನುತ್ತಿದ್ದೂ ತೂಕ ತಿಂಗಳು ತಿಂಗಳು ಇಳಿಯುತ್ತಿದ್ದರೆ ಖುಷಿಪಡದೆ ತೋರಿಸಿಕೊಳ್ಳಬೇಕು. ನಮ್ಮಲ್ಲಿ ಎಷ್ಟೋ ಜನರ ಸಕ್ಕರೆ ಕಾಯಿಲೆ ಮೊದಲು ಗೊತ್ತಾಗುವುದು, ಯಾರೋ ‘ಏನು, ಸಣ್ಣ ಆಗಿದ್ದೀರಲ್ಲ?’ ಅಂತ ಕೇಳಿದ ಮೇಲೆ.